ಸ್ಕ್ಯಾನಿಂಗ್ ಕಲಿತರೆ ಸಂಬಳ ಎಷ್ಟು?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಒಂದೆರಡು ತಿಂಗಳು ವೈದ್ಯರ ಬಳಿಗೆ ಕಾಯಿಲೆಯವರ ಜೊತೆಗೆ ಸಲಹೆ ಕೇಳುವವರೂ ಬರುತ್ತಾರೆ. ತಿ. ನರಸೀಪುರದ ಹತ್ತಿರದ ಸೋಸಲೆಯಿಂದ ಬಂದಿದ್ದ ರೈತರೊಬ್ಬರು ಮೊದಲು ತಮ್ಮ ಬಿ.ಪಿ. ನೋಡಿಸಿಕೊಂಡರು. ಆಮೇಲೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಬಣ್ಣದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು.

"ಡಾಕ್ಟ್ರೇ, ಮಗ್ಳುನ್ನ ಸ್ಕ್ಯಾನಿಂಗ್ ಕೋರ್ಸ್‌ಗೆ ಸೇರಿಸ್ಬೇಕು ಅಂತಿವ್ನಿ. ಓದಿ ಮುಗಿಸಿದ್ರೆ ತಿಂಗಳಿಗೆ ಎಷ್ಟು ಸಂಬಳ ಬತ್ತದೆ?"

ಕಾಗದದಲ್ಲಿ 'ಅಲ್ಟ್ರಾಸೌಂಡ್ ಟೆಕ್ನಿಷಿಯನ್' ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಆರು ತಿಂಗಳ ತರಬೇತಿ, ಕೆಲಸ ಖಾತರಿ, ವಿದೇಶದಲ್ಲಿ ಲಕ್ಷಗಟ್ಟಲೆ ಸಂಬಳ ಎಂಬ ಮಾತುಗಳಿದ್ದವು. ಕಬ್ಬಿನ ಹಣ ಬಂದಿದೆ, ಸಾಲದೇ ಹೋದರೆ ಸೊಸೈಟಿಯಲ್ಲಿ ಕೇಳುತ್ತೇನೆ ಎಂದರು ಆ ತಂದೆ. ಮಗಳು ಪಕ್ಕದಲ್ಲೇ ಕುಳಿತಿದ್ದಳು. ಪಿಯುಸಿಯಲ್ಲಿ ವಿಜ್ಞಾನ ಓದಿದವಳು, ಒಳ್ಳೆಯ ಅಂಕವೇ ಬಂದಿತ್ತು.

ಅವರ ಪ್ರಶ್ನೆ ನ್ಯಾಯವಾದದ್ದು. ಮಗಳ ಓದಿಗೆ ಹಣ ಹೂಡುವ ತಂದೆ ಮುಂದಿನ ಸಂಬಳವನ್ನು ಕೇಳಲೇಬೇಕು. ಆದರೆ ಇದಕ್ಕೆ ಒಂದು ಅಂಕಿಯನ್ನು ಹೇಳಿ ಕಳುಹಿಸಿದರೆ ತಪ್ಪಾಗುತ್ತದೆ. ಏಕೆಂದರೆ ಆ ಕಾಗದದಲ್ಲಿ ಹೇಳಿರುವ ಕೆಲಸ, ಆ ಕಾಗದದಲ್ಲಿ ಹೇಳಿರುವ ಅರ್ಥದಲ್ಲಿ, ನಮ್ಮ ದೇಶದಲ್ಲಿ ಇಲ್ಲ. ಇದು ಅನೇಕ ಮನೆಗಳ ಪ್ರಶ್ನೆಯೂ ಆಗಿರುವುದರಿಂದ ಈ ವಾರ ಇದನ್ನೇ ಬಿಡಿಸಿ ಹೇಳುತ್ತೇನೆ.

ಒಂದೇ ಹೆಸರು, ಮೂರು ಯಂತ್ರ

ನಮ್ಮ ಜನರ ಬಾಯಲ್ಲಿ ಎಲ್ಲವೂ 'ಸ್ಕ್ಯಾನಿಂಗ್'. ತಲೆಗೆ ಪೆಟ್ಟು ಬಿದ್ದಾಗ ಮಾಡಿಸುವ ಸಿ.ಟಿ., ಬೆನ್ನುಹುರಿಗೆ ಮಾಡಿಸುವ ಎಂ.ಆರ್.ಐ., ಬಸುರಿಯ ಹೊಟ್ಟೆಗೆ ಮಾಡಿಸುವ ಅಲ್ಟ್ರಾಸೌಂಡ್ ಮೂರಕ್ಕೂ ಅದೇ ಹೆಸರು. ಗೊಂದಲ ಹುಟ್ಟುವುದು ಇಲ್ಲಿಯೇ.

ಸಿ.ಟಿ. ಯಂತ್ರ ಎಕ್ಸ್‌ರೇ ಕಿರಣಗಳಿಂದ ಕೆಲಸ ಮಾಡುತ್ತದೆ. ಎಂ.ಆರ್.ಐ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ನಡೆಯುತ್ತದೆ. ಈ ಎರಡನ್ನೂ ನಡೆಸುವವರು ತರಬೇತಿ ಪಡೆದ ತಂತ್ರಜ್ಞರು. ರೋಗಿಯನ್ನು ಸರಿಯಾಗಿ ಮಲಗಿಸಿ, ಸರಿಯಾದ ವಿಧಾನವನ್ನು ಆರಿಸಿದರೆ ಚಿತ್ರಗಳು ಯಂತ್ರದಲ್ಲಿ ದಾಖಲಾಗುತ್ತವೆ. ರೇಡಿಯಾಲಜಿ ವೈದ್ಯರು ಅವನ್ನು ಆಮೇಲೆ, ಬೇರೊಂದು ಊರಿನಲ್ಲಿ ಕುಳಿತಾದರೂ ನೋಡಿ ವರದಿ ಬರೆಯಬಹುದು.

ಅಲ್ಟ್ರಾಸೌಂಡ್ ಹಾಗಲ್ಲ. ನಮ್ಮ ಕಿವಿಗೆ ಕೇಳುವ ಶಬ್ದದ ಮಿತಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನ. ಈ ಯಂತ್ರ ಬಳಸುವುದು ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳ ಶಬ್ದವನ್ನು. ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್ ಎಂಬ ಸಾಧನದಿಂದ ಹೊರಟ ಶಬ್ದ ಒಳಗಿನ ಅಂಗಗಳಿಗೆ ತಾಗಿ ಮರಳುತ್ತದೆ. ಆ ಮಾರ್ದನಿಯೇ ಪರದೆಯ ಮೇಲೆ ಚಿತ್ರವಾಗುತ್ತದೆ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಇದನ್ನು ವೈದ್ಯಲೋಕದ ಮುಂದಿಟ್ಟರು. ಇಲ್ಲಿ ವಿಕಿರಣವಿಲ್ಲ. ಆದರೆ ಪ್ರೋಬ್ ಹಿಡಿದ ಕೈ ಸ್ವಲ್ಪ ವಾಲಿದರೂ ಕಾಣಬೇಕಾದದ್ದು ಕಾಣದೆ ಹೋಗುತ್ತದೆ. ನೋಡುವವರು ಆ ಕ್ಷಣದಲ್ಲೇ ಹುಡುಕಬೇಕು, ಆ ಕ್ಷಣದಲ್ಲೇ ಅರ್ಥ ಮಾಡಿಕೊಳ್ಳಬೇಕು. ಪ್ರೋಬ್ ಹಿಡಿದವರು ನೋಡದೆ ಬಿಟ್ಟದ್ದನ್ನು ಆಮೇಲೆ ಯಾರೂ ನೋಡಲಾರರು.

ಈ ಕಾರಣದಿಂದ ಅಲ್ಟ್ರಾಸೌಂಡ್‌ನಲ್ಲಿ ಸಂಬಳದ ಪ್ರಶ್ನೆಗೆ ಮೊದಲು ಬರಬೇಕಾದ ಪ್ರಶ್ನೆ ಒಂದಿದೆ: ಪ್ರೋಬ್ ಯಾರ ಕೈಯಲ್ಲಿರುತ್ತದೆ?

ಅಮೆರಿಕದ ಲೆಕ್ಕ

ಬಣ್ಣದ ಕಾಗದದ 'ಲಕ್ಷಗಟ್ಟಲೆ' ಸುಳ್ಳಲ್ಲ, ಆದರೆ ಅದು ಬೇರೆ ದೇಶದ ನಿಜ. ಅಮೆರಿಕದಲ್ಲಿ ಸೋನೋಗ್ರಾಫರ್ ಎಂಬ ವೃತ್ತಿಯೇ ಇದೆ. ಅಲ್ಲಿನ ಕಾರ್ಮಿಕ ಇಲಾಖೆಯ ಲೆಕ್ಕದಂತೆ 2023ರಲ್ಲಿ ಇವರ ನಡುಮಟ್ಟದ ವಾರ್ಷಿಕ ವೇತನ ಸುಮಾರು 84 ಸಾವಿರ ಡಾಲರ್. ಆಗಿನ ದರದಲ್ಲಿ ನಮ್ಮ ಹಣದಲ್ಲಿ ಸುಮಾರು 70 ಲಕ್ಷ ರೂಪಾಯಿ. ಕೇಳಿದರೆ ಯಾರಿಗೂ ಕಣ್ಣು ಅಗಲವಾಗುತ್ತದೆ.

ಆದರೆ ಅಷ್ಟು ಹಣ ಯಾವ ಕೆಲಸಕ್ಕೆ ಎಂಬುದನ್ನೂ ನೋಡಬೇಕು. ಅಲ್ಲಿ ಪ್ರೋಬ್ ಹಿಡಿಯುವವರು ಸೋನೋಗ್ರಾಫರೇ. ಪಿತ್ತಕೋಶದಲ್ಲಿ ಕಲ್ಲಿದೆಯೇ, ಮಗುವಿನ ಹೃದಯದ ನಾಲ್ಕು ಕೋಣೆಗಳೂ ಸರಿಯಾಗಿವೆಯೇ ಎಂದು ಹುಡುಕುವುದು, ಅಳೆಯುವುದು, ಸಂಶಯವಿದ್ದರೆ ಮತ್ತೆ ನೋಡುವುದು ಅವರ ಹೊಣೆ. ವೈದ್ಯರು ಆ ಚಿತ್ರಗಳನ್ನು ನೋಡಿ ವರದಿಗೆ ಸಹಿ ಹಾಕುತ್ತಾರೆ. ಇದಕ್ಕಾಗಿ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಓದಿ, ಆಸ್ಪತ್ರೆಯಲ್ಲಿ ಪಳಗಿ, ಆಮೇಲೆ ವೃತ್ತಿ ಪರೀಕ್ಷೆ ಪಾಸಾಗಬೇಕು. ಇಂಗ್ಲೆಂಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ನಾತಕೋತ್ತರ ತರಬೇತಿ ಪಡೆದ ಸೋನೋಗ್ರಾಫರುಗಳು ವರದಿಯನ್ನೂ ತಾವೇ ಬರೆಯುತ್ತಾರೆ.

ಎಂದರೆ, ಅಲ್ಲಿ ಕೊಡುವ ಹಣ ಹೊಣೆಗಾರಿಕೆಗೆ ಕೊಡುವ ಹಣ. ನಮ್ಮಲ್ಲಿ ಆರು ತಿಂಗಳು ಕಲಿತು ಪಡೆದ ಪ್ರಮಾಣಪತ್ರವನ್ನು ಹಿಡಿದು ಅಲ್ಲಿಗೆ ಹೋದರೆ ಬಾಗಿಲು ತೆರೆಯುವುದಿಲ್ಲ.

ನಮ್ಮ ಕಾನೂನು ಬೇರೆ, ಕಾರಣವೂ ಬೇರೆ

ನಮ್ಮ ದೇಶದಲ್ಲಿ ಈ ಯಂತ್ರ ಬಂದ ಕೆಲವೇ ವರ್ಷಗಳಲ್ಲಿ ಅದು ಹೆಣ್ಣು ಭ್ರೂಣಗಳ ಪಾಲಿಗೆ ಯಮನಾಯಿತು. ಮಹಾರಾಷ್ಟ್ರ 1988ರಲ್ಲೇ ಇದರ ವಿರುದ್ಧ ಕಾನೂನು ಮಾಡಿತು. ಸಂಸತ್ತು 1994ರಲ್ಲಿ ಇಡೀ ದೇಶಕ್ಕೆ ಪ್ರಸವಪೂರ್ವ ಲಿಂಗಪತ್ತೆ ತಡೆ ಕಾಯಿದೆಯನ್ನು ಒಪ್ಪಿತು. ಅದು 1996ರ ಜನವರಿ 1ರಿಂದ ಜಾರಿಗೆ ಬಂತು, 2003ರಲ್ಲಿ ತಿದ್ದುಪಡಿಯಾಗಿ ಇನ್ನಷ್ಟು ಬಿಗಿಯಾಯಿತು.

ಈ ಕಾಯಿದೆ ಮತ್ತು ಅದರ ನಿಯಮಗಳ ಪ್ರಕಾರ ಗರ್ಭಿಣಿಯ ಸ್ಕ್ಯಾನ್ ಮಾಡುವವರು ನೋಂದಾಯಿತ ವೈದ್ಯರಾಗಿರಬೇಕು. ಬರಿಯ ವೈದ್ಯರಾದರೆ ಸಾಲದು, ಅದರಲ್ಲಿ ಸ್ನಾತಕೋತ್ತರ ಪದವಿ, ಡಿಪ್ಲೊಮಾ ಅಥವಾ ನಿಗದಿಪಡಿಸಿದ ಆರು ತಿಂಗಳ ತರಬೇತಿ ಇರಬೇಕು. ಈ ತರಬೇತಿಗೆ 2014ರಲ್ಲಿ ಪ್ರತ್ಯೇಕ ನಿಯಮಗಳೇ ಬಂದವು. ಬಣ್ಣದ ಕಾಗದದಲ್ಲಿದ್ದ 'ಆರು ತಿಂಗಳು' ಎಂಬ ಮಾತು ಇಲ್ಲಿಂದ ಹಾರಿ ಬಂದಿದ್ದರೂ ಆಶ್ಚರ್ಯವಿಲ್ಲ. ಆದರೆ ಕಾನೂನಿನ ಆ ಆರು ತಿಂಗಳು ಎಂ.ಬಿ.ಬಿ.ಎಸ್. ಮುಗಿಸಿದವರಿಗೆ, ಪಿಯುಸಿ ಮುಗಿಸಿದವರಿಗಲ್ಲ.

ಹೊಟ್ಟೆಯ ಬೇರೆ ಭಾಗಗಳನ್ನು ನೋಡುವುದೂ ಸಾಮಾನ್ಯವಾಗಿ ಅದೇ ಯಂತ್ರದಿಂದಲೇ. ಆದ್ದರಿಂದ ನಮ್ಮಲ್ಲಿ ಗರ್ಭದ ಸ್ಕ್ಯಾನ್ ಆಗಲಿ, ಮೂತ್ರಪಿಂಡದ ಕಲ್ಲಿನ ಸ್ಕ್ಯಾನ್ ಆಗಲಿ, ಪ್ರೋಬ್ ವೈದ್ಯರ ಕೈಯಲ್ಲೇ ಇರುತ್ತದೆ. ಹೃದಯದ ಎಕೋ ಪರೀಕ್ಷೆ ಮಾತ್ರ ಸ್ವಲ್ಪ ಬೇರೆ. ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಪದವಿ ಪಡೆದವರು ಅಳತೆಗಳನ್ನು ತೆಗೆದು ವೈದ್ಯರಿಗೆ ಒಪ್ಪಿಸುವ ಪದ್ಧತಿಯಿದೆ.

ಹಾಗಾದರೆ ಸ್ಕ್ಯಾನಿಂಗ್ ಕೋಣೆಯಲ್ಲಿ ನಾವು ಕಾಣುವ ಆ ಇನ್ನೊಬ್ಬ ಹುಡುಗಿ ಅಥವಾ ಹುಡುಗ ಯಾರು?

ಕೋಣೆಯ ಎರಡನೇ ಕುರ್ಚಿ

ಅವರೇ ನಮ್ಮ 'ಅಲ್ಟ್ರಾಸೌಂಡ್ ಟೆಕ್ನಿಷಿಯನ್'. ನೀರು ಕುಡಿದು ಕಾಯುತ್ತಿರುವವರನ್ನು ಸರದಿಯಂತೆ ಕರೆಯುವುದು, ಮಲಗಿಸುವುದು, ಜೆಲ್ ಹಚ್ಚುವುದು, ವೈದ್ಯರು ಹೇಳಿದ ಅಳತೆಗಳನ್ನು ಟೈಪು ಮಾಡುವುದು, ಪ್ರೋಬನ್ನು ಒರೆಸಿ ಶುಚಿಮಾಡುವುದು ಇವರ ಕೆಲಸ. ಅದಕ್ಕಿಂತ ಮುಖ್ಯವಾದದ್ದು ಕಾಗದದ ಕೆಲಸ. ಪ್ರತಿ ಗರ್ಭಿಣಿಯ ಸ್ಕ್ಯಾನಿಗೂ 'ಎಫ್' ನಮೂನೆ ತುಂಬಬೇಕು. ಯಾರು ಕಳುಹಿಸಿದರು, ಏಕೆ ಸ್ಕ್ಯಾನ್, ಎಷ್ಟು ಮಕ್ಕಳು ಎಂಬ ವಿವರ ಬರೆಯಬೇಕು. ಮಗು ಗಂಡೋ ಹೆಣ್ಣೋ ತಿಳಿಯುವ ಇಚ್ಛೆ ತನಗಿಲ್ಲವೆಂಬ ಗರ್ಭಿಣಿಯ ಹೇಳಿಕೆ, ತಾನು ಅದನ್ನು ಪತ್ತೆ ಮಾಡಲಿಲ್ಲ, ಹೇಳಲೂ ಇಲ್ಲವೆಂಬ ವೈದ್ಯರ ಹೇಳಿಕೆ, ಎರಡೂ ಬೇಕು. ಪ್ರತಿ ತಿಂಗಳ ವರದಿ ಮುಂದಿನ ತಿಂಗಳ 5ನೇ ತಾರೀಕಿನೊಳಗೆ ಸಕ್ಷಮ ಪ್ರಾಧಿಕಾರಕ್ಕೆ ತಲುಪಬೇಕು. ದಾಖಲೆಗಳನ್ನು ಎರಡು ವರ್ಷ ಕಾಪಾಡಬೇಕು.

ಇದು ಗುಮಾಸ್ತೆಯ ಕೆಲಸವೆಂದು ತಳ್ಳಿಹಾಕುವಂತಿಲ್ಲ. ದಾಖಲೆಯಲ್ಲಿ ಲೋಪವಾದರೂ ಕಾಯಿದೆಯನ್ನೇ ಮುರಿದಂತೆ ಎಂದು ಕಾನೂನು ಹೇಳುತ್ತದೆ. ಅದು ವೈದ್ಯರಿಗೆ ಅತಿಯಾಯಿತೆಂದು ಪ್ರಸೂತಿ ತಜ್ಞರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೋರ್ಟು 2019ರ ಮೇ ತಿಂಗಳಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು. ಎಂದರೆ, ಎರಡನೇ ಕುರ್ಚಿಯಲ್ಲಿ ಕುಳಿತವರು ತುಂಬುವ ಒಂದೊಂದು ಸಾಲೂ ಕೇಂದ್ರದ ಉಳಿವಿಗೆ ಆಧಾರ.

ಇಷ್ಟು ಬೆಲೆಯ ಕೆಲಸಕ್ಕೆ ಎಷ್ಟು ಸಂಬಳ? ಮೈಸೂರು, ನಂಜನಗೂಡು ಕಡೆಯ ಖಾಸಗಿ ಕೇಂದ್ರಗಳಿಗೆ ಹೊಸದಾಗಿ ಸೇರಿದವರು ನನ್ನೊಡನೆ ಹೇಳಿಕೊಳ್ಳುವ ಅಂಕಿ 10ರಿಂದ 18 ಸಾವಿರದ ನಡುವೆ ಇರುತ್ತದೆ. ಎಷ್ಟೋ ಕಡೆ ನೇಮಕಾತಿ ಪತ್ರವಿಲ್ಲ, ರಜೆಯ ಲೆಕ್ಕವಿಲ್ಲ. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಕಲಿತವರಿಗೆ ಅನುಭವದೊಂದಿಗೆ ಸಂಬಳ ಏರುತ್ತದೆ. ಅಲ್ಟ್ರಾಸೌಂಡ್ ಕೋಣೆಯ ಸಹಾಯಕರಾಗಿಯೇ ಉಳಿದವರಿಗೆ ಏರುವುದು ಕಷ್ಟ, ಏಕೆಂದರೆ ಅವರಿಗೆ ಏರಲು ಮುಂದಿನ ಮೆಟ್ಟಿಲೇ ಇಲ್ಲ.

ಸರ್ಕಾರಿ ಕಾಯಂ ಹುದ್ದೆಯ ಮಾತು ಬೇರೆ. ಕರ್ನಾಟಕದ 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರದ ಅತಿ ಕೆಳಗಿನ ಹುದ್ದೆಗೂ ಆರಂಭದ ಮೂಲ ವೇತನ 27 ಸಾವಿರ ರೂಪಾಯಿ. ಡಿಪ್ಲೊಮಾ ಬೇಡುವ ತಂತ್ರಜ್ಞರ ಹುದ್ದೆ ಅದಕ್ಕಿಂತ ಮೇಲೆಯೇ ಇರುತ್ತದೆ. ಆದರೆ ಕಾಯಂ ಹುದ್ದೆಗಳು ಕಡಿಮೆ. ಗುತ್ತಿಗೆಯ ಮೇಲೆ ತೆಗೆದುಕೊಂಡವರಿಗೆ ಅದೇ ಕೆಲಸಕ್ಕೆ ಅದೇ ಸಂಬಳ ಸಿಗುವುದಿಲ್ಲ.

ತಂದೆಯ ಎದುರು ಹಾಕಿದ ಲೆಕ್ಕ

ಸೋಸಲೆಯ ಆ ತಂದೆಯ ಎದುರಿಗೆ ನಾನು ಚೀಟಿಯ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿದೆ. ಇದು ಉದಾಹರಣೆಗಾಗಿ ಮಾತ್ರ. ನಿಮ್ಮ ಅಂಕಿಗಳನ್ನು ಹಾಕಿ ನೀವೂ ಮಾಡಿ ನೋಡಿ.

ಓದು, ಊಟ, ವಸತಿ ಎಲ್ಲ ಸೇರಿ ಮುಗಿಯುವ ಹೊತ್ತಿಗೆ 4 ಲಕ್ಷ ರೂಪಾಯಿ ಖರ್ಚಾಯಿತು ಎಂದಿಟ್ಟುಕೊಳ್ಳಿ. ಸಂಬಳ 15 ಸಾವಿರ. ಭವಿಷ್ಯನಿಧಿಗೆ ಶೇ. 12ರಂತೆ 1,800, ಇ.ಎಸ್.ಐ.ಗೆ ಶೇ. 0.75ರಂತೆ 113 ರೂಪಾಯಿ ಮುರಿದುಕೊಂಡರೆ ಕೈಗೆ ಬರುವುದು 13,087. ಮೈಸೂರಿನಲ್ಲಿ ವಸತಿ ಮತ್ತು ಊಟಕ್ಕೆ 6 ಸಾವಿರ, ಇತರೆ ಖರ್ಚಿಗೆ 3 ಸಾವಿರ ತೆಗೆಯಿರಿ. ಉಳಿಯುವುದು 4 ಸಾವಿರ ಚಿಲ್ಲರೆ. ಹಾಕಿದ 4 ಲಕ್ಷ ವಾಪಸು ಬರಲು ಸುಮಾರು 98 ತಿಂಗಳು ಬೇಕು. ಎಂಟು ವರ್ಷದ ಮೇಲೆ ಎರಡು ತಿಂಗಳು! ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ.

ಮಗಳು ಊರಲ್ಲೇ ಇದ್ದು ದಿನವೂ ಸರ್ಕಾರಿ ಬಸ್ಸಿನಲ್ಲಿ ಹೋಗಿ ಬಂದರೆ ವಸತಿಯ ಹಣ ಉಳಿಯುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಖರ್ಚೂ ಉಳಿಯಿತು. ಆದರೂ ಸಂಜೆ ಏಳಕ್ಕೆ ಕೆಲಸ ಬಿಡುವ ಕೇಂದ್ರದಿಂದ ತಿ. ನರಸೀಪುರದ ಬಸ್ ಹಿಡಿದು ಮನೆ ಸೇರುವ ಹುಡುಗಿಯ ದಣಿವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಇಲ್ಲಿ ನೀವು ಕೇಳಬಹುದು: ಒಂದು ಸ್ಕ್ಯಾನಿಗೆ ಸಾವಿರ, ಒಂದೂವರೆ ಸಾವಿರ ತೆಗೆದುಕೊಳ್ಳುತ್ತಾರೆ, ಆ ಹಣವೆಲ್ಲ ಎಲ್ಲಿ ಹೋಗುತ್ತದೆ? ಯಂತ್ರದ ಸಾಲದ ಕಂತಿಗೆ, ರಿಪೇರಿಗೆ, ಬಾಡಿಗೆಗೆ, ಸ್ಕ್ಯಾನ್ ಮಾಡುವ ವೈದ್ಯರಿಗೆ ಹೋಗುವುದು ಸಹಜ. ಹೇಳಲು ನಾಚಿಕೆಯಾದರೂ ಹೇಳಬೇಕು: ರೋಗಿಯನ್ನು ಕಳುಹಿಸಿದವರಿಗೆ ಕಮಿಷನ್ ಕೊಡುವ ಕೆಟ್ಟ ಪದ್ಧತಿ ನಮ್ಮ ವೃತ್ತಿಯಲ್ಲಿ ಇದೆ. 2002ರ ವೈದ್ಯಕೀಯ ನೀತಿ ಸಂಹಿತೆ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಕಮಿಷನ್ನಿಗೆ ಹಣ ಒದಗುವ ಕೇಂದ್ರದಲ್ಲಿ ಸಹಾಯಕರ ಸಂಬಳಕ್ಕೆ ಮಾತ್ರ ಹಣವಿಲ್ಲ ಎಂದರೆ ಅದನ್ನು ಬಡತನ ಎನ್ನಲಾಗದು.

ಕಡಿಮೆ ಸಂಬಳದ ಅಪಾಯ

ಇದು ಬರಿಯ ಸಂಬಳದ ಮಾತಾಗಿದ್ದರೆ ಆರೋಗ್ಯದ ಅಂಕಣದಲ್ಲಿ ಇಷ್ಟು ಬರೆಯುತ್ತಿರಲಿಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಪ್ರಕರಣ ನಿಮಗೆ ನೆನಪಿರಬಹುದು. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದರು, ಹೆಣ್ಣೆಂದು ತಿಳಿದರೆ ಮೈಸೂರಿನಲ್ಲಿ ಗರ್ಭಪಾತ ಮಾಡಿಸುತ್ತಿದ್ದರು ಎಂಬುದು ಆರೋಪ. ಬೆಲ್ಲ ಬೇಯುವ ಜಾಗದಲ್ಲಿ ಇಂಥ ಕೆಲಸ ನಡೆಯಿತೆಂದು ಕೇಳಿ ಕಬ್ಬು ಬೆಳೆಯುವ ನಮ್ಮ ಸೀಮೆಯ ಜನ ತಲೆ ತಗ್ಗಿಸಿದರು. ಬಂಧಿತರಲ್ಲಿ ವೈದ್ಯರೂ ಇದ್ದರು, ಪ್ರಯೋಗಾಲಯದ ತಂತ್ರಜ್ಞರೂ ಇದ್ದರು. ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು.

ಕಡಿಮೆ ಸಂಬಳದವರೆಲ್ಲ ತಪ್ಪು ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಪ್ರಾಮಾಣಿಕವಾಗಿ ದುಡಿಯುವ ಸಾವಿರಾರು ಮಂದಿಗೆ ಅವಮಾನ. ಹೆಚ್ಚು ಸಂಪಾದಿಸುವವರೂ ಇಂಥ ದಂಧೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ಆದರೆ ಒಂದು ಸ್ಕ್ಯಾನಿಗೆ ಗುಟ್ಟಾಗಿ ಸಾವಿರಾರು ರೂಪಾಯಿ ಕೊಡಲು ಸಿದ್ಧರಿರುವ ಮನೆಗಳು ನಮ್ಮ ನಡುವೆ ಇರುವಾಗ, ತಿಂಗಳಿಗೆ 12 ಸಾವಿರ ಪಡೆಯುವ ಹುಡುಗನನ್ನು ಆ ಬಾಗಿಲಲ್ಲಿ ನಿಲ್ಲಿಸುವುದು ಅವನಿಗೂ ಅನ್ಯಾಯ, ಸಮಾಜಕ್ಕೂ ಅಪಾಯ. ಬೇಲಿಯನ್ನು ಕಾಯುವವನ ಹೊಟ್ಟೆಯನ್ನೂ ನೋಡಬೇಕು.

ಕಾನೂನಿನ ಪೆಟ್ಟು ಅವನಿಗೂ ಬೀಳುತ್ತದೆ ಎಂಬುದನ್ನು ತಂದೆ ತಾಯಿಗಳು ತಿಳಿದಿರಬೇಕು. ಕೇಂದ್ರದ ಮಾಲೀಕರು, ವೈದ್ಯರು ಮಾತ್ರವಲ್ಲ, ಅಲ್ಲಿ ತಾಂತ್ರಿಕ ಸೇವೆ ಮಾಡುವ ನೌಕರರಿಗೂ ಮೂರು ವರ್ಷದವರೆಗೆ ಸೆರೆವಾಸ ಮತ್ತು 10 ಸಾವಿರ ರೂಪಾಯಿವರೆಗೆ ದಂಡ ಇದೆ. ಇದು ಜಾಮೀನು ರಹಿತ ಅಪರಾಧ. ಲಿಂಗಪತ್ತೆ ಮಾಡಿಸಲು ಹೋದ ಗಂಡನಿಗೆ, ಮನೆಯವರಿಗೆ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದವರೆಗೆ ದಂಡ. "ಯಜಮಾನರು ಹೇಳಿದರು, ನಾನು ಪ್ರೋಬ್ ಹಿಡಿದೆ" ಎಂಬ ಮಾತು ಕೋರ್ಟಿನಲ್ಲಿ ಕಾಪಾಡುವುದಿಲ್ಲ.

ಈ ಬಿಗಿ ಅಗತ್ಯವೇ ಎನ್ನುವವರು ಜನಗಣತಿಯನ್ನು ನೋಡಲಿ. ಆರು ವರ್ಷದವರೆಗಿನ ಸಾವಿರ ಗಂಡು ಮಕ್ಕಳಿಗೆ ದೇಶದಲ್ಲಿ 1991ರಲ್ಲಿ 945 ಹೆಣ್ಣು ಮಕ್ಕಳಿದ್ದರು. 2001ರಲ್ಲಿ 927ಕ್ಕೆ ಇಳಿದರು. 2011ರಲ್ಲಿ 919. ಕರ್ನಾಟಕದಲ್ಲಿ 1991ರ 960 ಎಂಬುದು 2001ಕ್ಕೆ 946 ಆಗಿ, 2011ರಲ್ಲಿ 948ರಲ್ಲಿ ನಿಂತಿತು. ಗರ್ಭದ ಸ್ಕ್ಯಾನನ್ನು ವೈದ್ಯರ ಕೈಯಿಂದ ಬಿಡಿಸಬಾರದು ಎಂಬ ಪಕ್ಷಕ್ಕೆ ನಾನೂ ಸೇರಿದವನು.

ಸೇರಿಸುವ ಮುನ್ನ ಕೇಳಿ

ಮಕ್ಕಳನ್ನು ಈ ದಾರಿಗೆ ಕಳುಹಿಸಲೇ ಬಾರದೆಂದು ನಾನು ಹೇಳುತ್ತಿಲ್ಲ. ದಾರಿ ಇದೆ, ಆದರೆ ಸರಿಯಾದ ಹೆಸರಿನ ದಾರಿಯನ್ನು ಹಿಡಿಯಬೇಕು. ಕರ್ನಾಟಕದ ಪ್ಯಾರಾಮೆಡಿಕಲ್ ಬೋರ್ಡ್ ನಡೆಸುವ ಮೆಡಿಕಲ್ ಇಮೇಜಿಂಗ್ ಡಿಪ್ಲೊಮಾ ಇದೆ. 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ಇದೇ ವಿಷಯದ ಬಿ.ಎಸ್ಸಿ. ಪದವಿ ಇದೆ. ಪದವಿಯಾದರೆ ಮೂರು ವರ್ಷದ ಪಾಠ, ಅದರ ಮೇಲೆ ಆಸ್ಪತ್ರೆಯಲ್ಲಿ ತರಬೇತಿ. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಮೂರನ್ನೂ ಕಲಿತವರಿಗೆ ಜಿಲ್ಲಾ ಕೇಂದ್ರಗಳಲ್ಲೂ ದೊಡ್ಡ ಊರುಗಳಲ್ಲೂ ಕೆಲಸ ಸಿಗುತ್ತದೆ.

ಹಣ ಕಟ್ಟುವ ಮುನ್ನ ಈ ಕೆಲವು ಪ್ರಶ್ನೆಗಳನ್ನು ಕೇಳಿ.

ಒಂದು, ಪ್ರಮಾಣಪತ್ರ ಕೊಡುವವರು ಯಾರು? ಬೋರ್ಡ್ ಅಥವಾ ವಿಶ್ವವಿದ್ಯಾಲಯವೇ, ಅಥವಾ ಆ ಸಂಸ್ಥೆ ತಾನೇ ಅಚ್ಚು ಹಾಕಿಕೊಡುತ್ತದೆಯೇ? ಮಾನ್ಯತೆಯ ಪತ್ರವನ್ನು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಎರಡು, ಯಾವ ಆಸ್ಪತ್ರೆಯಲ್ಲಿ, ಎಷ್ಟು ತಿಂಗಳು, ಯಾವ ಯಂತ್ರದ ಮೇಲೆ ಕೈ ಪಳಗಿಸುತ್ತಾರೆ? ಗೋಡೆಗೆ ತೂಗುಹಾಕಿದ ಚಿತ್ರ ನೋಡಿ ಸಿ.ಟಿ. ಕಲಿಯಲಾಗದು.

ಮೂರು, 'ಅಲ್ಟ್ರಾಸೌಂಡ್ ಮಾಡುವುದನ್ನೂ ಕಲಿಸುತ್ತೇವೆ' ಎಂದರೆ ಮಗಳಿಗೆ ಅದನ್ನು ಮಾಡುವ ಅಧಿಕಾರ ಯಾವ ಕಾನೂನಿನಲ್ಲಿದೆ ಎಂದು ಕೇಳಿ. ಉತ್ತರ ತೊದಲಿದರೆ ಎದ್ದು ಬನ್ನಿ.

ನಾಲ್ಕು, ಹಿಂದಿನ ವರ್ಷ ಓದಿ ಹೋದವರಲ್ಲಿ ಇಬ್ಬರು ಮೂವರನ್ನು ಭೇಟಿಮಾಡಿ. ಸಂಬಳ ಎಷ್ಟೆಂದು ಸಂಸ್ಥೆಯವರನ್ನಲ್ಲ, ಅವರನ್ನು ಕೇಳಿ.

ಕೆಲಸ ಸಿಕ್ಕಿದ ಮೇಲೆಯೂ ಕೇಳಬೇಕಾದ್ದಿದೆ. ನೇಮಕಾತಿ ಪತ್ರ ಕೇಳಿ. ಆಸ್ಪತ್ರೆ, ನರ್ಸಿಂಗ್ ಹೋಂ ನೌಕರರಿಗೂ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ ಅನ್ವಯಿಸುತ್ತದೆ. ಭವಿಷ್ಯನಿಧಿ, ಇ.ಎಸ್.ಐ. ಮುರಿಯುತ್ತಿದ್ದರೆ ಅದು ಖಾತೆಗೆ ಕಟ್ಟಿದೆಯೇ ಎಂದು ನೋಡಿಕೊಳ್ಳಿ. ಎಕ್ಸ್‌ರೇ, ಸಿ.ಟಿ. ಕೋಣೆಯಾದರೆ ವಿಕಿರಣ ಅಳೆಯುವ ಬ್ಯಾಡ್ಜ್ ಮತ್ತು ಸೀಸದ ಏಪ್ರನ್ ಕೇಳಿ ಪಡೆಯಬೇಕು. ಒಬ್ಬರ ಬ್ಯಾಡ್ಜ್ ಇನ್ನೊಬ್ಬರು ಧರಿಸಬಾರದು. ಹೆಣ್ಣುಮಕ್ಕಳು ಬಸುರಿಯಾದ ಕೂಡಲೇ ಮೇಲಿನವರಿಗೆ ತಿಳಿಸಬೇಕು. ಸಂಬಳ ಚೆನ್ನಾಗಿದೆ ಎಂದು ಇವನ್ನು ಬಿಟ್ಟುಕೊಟ್ಟರೆ ನಷ್ಟ ದೇಹಕ್ಕೆ.

ಸರ್ಕಾರ ಮಾಡಬೇಕಾದದ್ದು

2021ರಲ್ಲಿ ಸಂಸತ್ತು ಆರೋಗ್ಯ ಕ್ಷೇತ್ರದ ಇತರ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಮಾಡಿತು. ರೇಡಿಯಾಲಜಿ ತಂತ್ರಜ್ಞರು ಅದರೊಳಗೆ ಬರುತ್ತಾರೆ. ಸೋನೋಗ್ರಾಫರ್ ಎಂಬ ಹೆಸರೂ ಅದರ ಪಟ್ಟಿಯಲ್ಲಿದೆ. ಒಂದು ಕಾನೂನು ಹೆಸರು ಕೊಟ್ಟಿದೆ, ಇನ್ನೊಂದು ಕಾನೂನು ಪ್ರೋಬನ್ನು ವೈದ್ಯರ ಕೈಯಲ್ಲಿಟ್ಟಿದೆ. ಈ ಎರಡರ ನಡುವೆ ಸಿಕ್ಕಿ ಹಾಕಿಕೊಂಡವರು ನಮ್ಮ ಮಕ್ಕಳು. ಬಣ್ಣದ ಕಾಗದ ಹಂಚುವವರಿಗೆ ಬೇಕಾದದ್ದೂ ಇದೇ ಮಸುಕು.

ಆದ್ದರಿಂದ ಸೋನೋಗ್ರಾಫರ್ ಏನು ಮಾಡಬಹುದು, ಏನು ಮಾಡಬಾರದು ಎಂದು ಸರ್ಕಾರ ಬಿಡಿಸಿ ಹೇಳಬೇಕು. ಗರ್ಭದ ಸ್ಕ್ಯಾನ್ ವೈದ್ಯರಲ್ಲೇ ಇರಲಿ. ಆದರೆ ಕುತ್ತಿಗೆಯ ಥೈರಾಯ್ಡ್, ಕಾಲಿನ ರಕ್ತನಾಳ ಇಂಥವನ್ನು ವೈದ್ಯರ ಉಸ್ತುವಾರಿಯಲ್ಲಿ, ಗರ್ಭವನ್ನು ನೋಡಲಾಗದ ಪ್ರೋಬ್ ಇರುವ ಯಂತ್ರದಿಂದ, ಪದವಿ ಪಡೆದ ತಂತ್ರಜ್ಞರು ಮಾಡಬಹುದೇ ಎಂಬುದನ್ನು ತಜ್ಞರು ಕುಳಿತು ತೀರ್ಮಾನಿಸಲಿ. ಹಾಗಾದರೆ ರೇಡಿಯಾಲಜಿ ತಜ್ಞರು ಸಿಗದ ತಾಲೂಕುಗಳಲ್ಲಿ ರೋಗಿಗಳು ಮೈಸೂರಿಗೆ ಅಲೆಯುವುದು ತಪ್ಪೀತು, ತಂತ್ರಜ್ಞರಿಗೆ ಏರಲು ಒಂದು ಮೆಟ್ಟಿಲೂ ಆದೀತು. ಇದರ ಜೊತೆಗೆ, ಗುತ್ತಿಗೆ ನೌಕರಿಗೆ ಕಾಯಂ ನೌಕರಿಯಷ್ಟೇ ಸಂಬಳ ಕೊಡಬೇಕು, ಸ್ಕ್ಯಾನಿಂಗ್ ಕೇಂದ್ರದ ನೋಂದಣಿ ನವೀಕರಿಸುವಾಗ ವೈದ್ಯರ ಅರ್ಹತೆಯ ಜೊತೆಗೆ ನೌಕರರ ನೇಮಕಾತಿ ಪತ್ರ, ಸಂಬಳದ ದಾಖಲೆಗಳನ್ನೂ ನೋಡಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಮನಸ್ಸು ಸಾಕು.

ಓದುಗರಾದ ನಿಮ್ಮ ಪಾಲೂ ಒಂದಿದೆ. ಮುಂದಿನ ಸಲ ಸ್ಕ್ಯಾನಿಂಗಿಗೆ ಹೋದಾಗ ಗೋಡೆಯ ಮೇಲೆ ನೋಂದಣಿ ಪತ್ರ ಇದೆಯೇ, 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಫಲಕ ಇದೆಯೇ, ಪ್ರೋಬ್ ಹಿಡಿದವರು ವೈದ್ಯರೇ ಎಂದು ನೋಡಿ. ಗಂಡೋ ಹೆಣ್ಣೋ ಎಂದು ಆ ಎರಡನೇ ಕುರ್ಚಿಯ ಹುಡುಗಿಯನ್ನು ತಮಾಷೆಗೂ ಕೇಳಬೇಡಿ. ನಿಮ್ಮ ಕುತೂಹಲಕ್ಕೆ ಅವಳ ಜೀವನ ಬಲಿಯಾಗುವುದು ಬೇಡ.

ಸೋಸಲೆಯ ತಂದೆ ಎಲ್ಲವನ್ನೂ ಕೇಳಿ ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು. "ಹಂಗಾರೆ ಇದು ಬ್ಯಾಡ ಅಂತೀರಾ?" ಎಂದರು. ನಾನು ಉತ್ತರ ಕೊಡುವ ಮೊದಲೇ ಮಗಳು, "ಅಪ್ಪ, ಬಿ.ಎಸ್ಸಿ. ಅರ್ಜಿ ಯಾವತ್ತು ಕೊನೇ ದಿನ ಅಂತ ಕೇಳು" ಎಂದಳು.

ಸಂಬಳ ಎಷ್ಟು ಎಂಬ ಪ್ರಶ್ನೆಗೆ ಅಂದು ನಾನು ಪೂರ್ತಿ ಉತ್ತರ ಕೊಡಲಿಲ್ಲ. ಆದರೆ ಮಗಳು ಸರಿಯಾದ ಪ್ರಶ್ನೆಯನ್ನು ಹಿಡಿದಿದ್ದಳು. ನಿಮ್ಮ ಮನೆಯಲ್ಲೂ ಈ ಮಾತು ಬಂದರೆ ಮೊದಲು ಕೈಗೆ ಯಾವ ಕೆಲಸ ಸಿಗುತ್ತದೆ ಎಂದು ಕೇಳಿ, ಆಮೇಲೆ ಎಷ್ಟು ಹಣ ಎಂದು ಕೇಳಿ.